ಶುಕೈಕ್ ಕಡಲು, ಮರವಂತೆ ಮೋಡ: ಸೂರ್ಯಾಸ್ತದ ಚಿತ್ರ ತೆಗೆಯುವುದು, ತಿದ್ದುವುದು

ಅಭಾದಿಂದ ಮಾತಾಡುತ್ತಿದ್ದೇನೆ.

ಸೌದಿ ಅರೇಬಿಯಾ ಅಂದ ಕೂಡಲೇ ನಿಮಗೆ ಮರಳುಗಾಡು ಕಣ್ಣಿಗೆ ಬರಬಹುದು. ಅಭಾ ಹಾಗಿಲ್ಲ. ಇದು ಬೆಟ್ಟದ ಮೇಲಿನ ಊರು, ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಇಲ್ಲಿ ಸ್ವೆಟರ್ ಬೇಕು. ಮಂಜು ಮುಸುಕಿದರೆ ಎದುರಿನ ಕಾರು ಕಾಣುವುದಿಲ್ಲ. ನಮಗೆ ಪಶ್ಚಿಮಘಟ್ಟ ಹೇಗೋ ಇವರಿಗೆ ಸರವಾತ್ ಬೆಟ್ಟಸಾಲು ಹಾಗೆ. ಘಟ್ಟದ ಕೆಳಗೆ ನಮಗೆ ಕರಾವಳಿ ಇದ್ದಂತೆ ಇಲ್ಲಿ ತಿಹಾಮಾ ಬಯಲು, ಅದರಾಚೆ ಕೆಂಪು ಸಮುದ್ರ. ಬೆಟ್ಟದ ಅಂಚಿನಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ನೆನಪು ಬರುತ್ತದೆ. ಆದರೆ ಆಗುಂಬೆಯ ಎತ್ತರ ಆರುನೂರು ಮೀಟರ್ ಚಿಲ್ಲರೆ, ಇಲ್ಲಿ ಸೂದಾ ಬೆಟ್ಟದ ತುದಿ ಸುಮಾರು 3,000 ಮೀಟರ್.

ಕರಾವಳಿಯ ಕನ್ನಡಿಗರಿಗೆ ಇಲ್ಲಿ ಇನ್ನೊಂದು ನಂಟೂ ಇದೆ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕಡಲು ಪಡುವಣಕ್ಕಿದೆ, ಸೌದಿಯವರ ಕೆಂಪು ಸಮುದ್ರವೂ ಪಡುವಣಕ್ಕೇ ಇದೆ. ಅಂದರೆ ಎರಡೂ ಕಡೆ ಹೊತ್ತು ಕಂತುವುದು ನೀರಿಗೆ. ಮರವಂತೆಯಲ್ಲಿ ಮುಳುಗಿದ ಸೂರ್ಯ ಹೆಚ್ಚುಕಡಿಮೆ ಎರಡು ಗಂಟೆ ಹತ್ತು ನಿಮಿಷದ ನಂತರ ಇಲ್ಲಿ ಮುಳುಗುತ್ತಾನೆ. ಊರಿಗೆ ಫೋನ್ ಮಾಡಿ “ಅಲ್ಲಿ ಆಕಾಶ ಹೇಗಿತ್ತು?” ಎಂದು ಕೇಳಿಕೊಂಡು, ಆಮೇಲೆ ಇಲ್ಲಿಯ ಆಕಾಶ ನೋಡಲು ಹೋಗಬಹುದು.

ಇವತ್ತು ನಾನು ಹೇಳಹೊರಟಿರುವುದು ಕಡಲತೀರದ ಸೂರ್ಯಾಸ್ತದ ಒಂದು ಚಿತ್ರವನ್ನು ಹೇಗೆ ತೆಗೆಯಬೇಕು, ತೆಗೆದ ಮೇಲೆ ಹೇಗೆ ತಿದ್ದಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು. ಕ್ಯಾಮೆರಾ ಇದ್ದವರಿಗೂ ಫೋನ್ ಮಾತ್ರ ಇದ್ದವರಿಗೂ ಇದು ಅನ್ವಯಿಸುತ್ತದೆ. ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಆ ಜನವರಿಯ ಸಂಜೆ

2014ರ ಜನವರಿ. ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದರು. ಅಭಾದ ಚಳಿ ಅವರಿಗೆ ಆಗಲಿಲ್ಲ. ಇಲ್ಲಿಯವರೂ ಚಳಿಗಾಲದಲ್ಲಿ ಬೆಚ್ಚಗಿರಲು ತಿಹಾಮಾಕ್ಕೆ ಇಳಿಯುತ್ತಾರೆ. ನಾವೂ ದಿಲಾ ಘಟ್ಟದ ಸುರಂಗ, ಸೇತುವೆ ದಾಟಿ, ರಸ್ತೆಬದಿಯ ಬಬೂನ್ ಮಂಗಗಳನ್ನು ನೋಡುತ್ತ, ದರ್ಬ್ ಊರಿನ ಮೇಲೆ ಹಾದು ಶುಕೈಕ್ ಎಂಬ ಕಡಲೂರಿಗೆ ಹೋದೆವು. ಸುಮಾರು ಎರಡು ಗಂಟೆಯ ದಾರಿ. ಅಭಾದ ನಲ್ಲಿಯಲ್ಲಿ ಬರುವ ನೀರಿನಲ್ಲಿ ದೊಡ್ಡ ಪಾಲು ಈ ಶುಕೈಕ್‌ನಲ್ಲೇ ಕಡಲ ನೀರಿನಿಂದ ಉಪ್ಪು ತೆಗೆದು ಬೆಟ್ಟದ ಮೇಲಕ್ಕೆ ಪಂಪ್ ಮಾಡಿದ್ದು. “ಹಾಗಾದ್ರೆ ನಿನ್ನ ಮನೆ ಚಾಯಕ್ಕೂ ಕಡಲ ನೀರೇ” ಅಂತ ಅಮ್ಮ ನಕ್ಕಿದ್ದರು.

ಅವರು ನೀರಂಚಿನಲ್ಲಿ ನಿಂತಿದ್ದಾಗ ಒಂದು ಚಿತ್ರ ತೆಗೆದೆ. ಎಡಕ್ಕೆ ಅಮ್ಮನ ಕಪ್ಪು ಆಕೃತಿ, ಸೆರಗು ಗಾಳಿಗೆ ಹಾರುತ್ತಿದೆ, ಎದುರಿಗೆ ಕಡಲು. ಆದರೆ ಆ ದಿನ ಆಕಾಶದಲ್ಲಿ ಒಂದೂ ಮೋಡ ಇರಲಿಲ್ಲ. ಧೂಳಿನ ಮಬ್ಬು. ಸೂರ್ಯ ನೀರು ಮುಟ್ಟುವ ಮೊದಲೇ ಮಾಸಿದ ತಾಮ್ರದ ತಟ್ಟೆಯಂತಾಗಿ ಆ ಮಬ್ಬಿನಲ್ಲೇ ಕರಗಿಹೋದ. ನನಗೆ ಅದು ಸಪ್ಪೆ ಅನ್ನಿಸಿತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ಆಕಾಶ ಕತ್ತರಿಸಿ, ಹಿಂದಿನ ಅಕ್ಟೋಬರಿನಲ್ಲಿ ಮರವಂತೆಯಲ್ಲಿ ತೆಗೆದಿದ್ದ ಒಂದು ಆಕಾಶವನ್ನು ಅಂಟಿಸಿದೆ. ಕೆಂಪು, ನೇರಳೆ, ರಾಶಿ ಮೋಡ. ನೋಡಿದವರೆಲ್ಲ ಹೊಗಳಿದರು. ಊರಿನಲ್ಲಿದ್ದ ಅಪ್ಪಯ್ಯನಿಗೂ ಕಳಿಸಿದೆ. ಅಪ್ಪಯ್ಯ ಮೂವತ್ತು ವರ್ಷ ದೋಣಿಯಲ್ಲಿ ಹೋದವರು. ಫೋನಿನಲ್ಲಿ ಅವರು ಕೇಳಿದ್ದು ಒಂದೇ ಮಾತು:

“ಜನವರಿಯಂಗೂ ಅಲ್ಲ್ ಮಳಿ ಬತ್ತಾ ಮಗಾ? ಇದ್ ಮಳಿ ಬಿಟ್ಟ್ ಮೇಲಿನ್ ಮೋಡ ಅಲ್ದಾ?”

ಅವರು ನನ್ನನ್ನು ಹಿಡಿದುಹಾಕಲು ಕೇಳಿದ್ದಲ್ಲ. ಮಳೆಮೋಡದ ಕೆಳಗೆ ಅಮ್ಮನನ್ನು ಯಾಕೆ ಕಡಲಿಗೆ ಕರೆದುಕೊಂಡು ಹೋದೆ ಎಂಬ ಆತಂಕ ಅಷ್ಟೆ. ನಾನು ಏನೋ ಹೇಳಿ ಮಾತು ತಿರುಗಿಸಿದೆ.

ನಾಲ್ಕು ವರ್ಷದ ನಂತರ ಅಮ್ಮ ತೀರಿಕೊಂಡರು. ಆ ಚಿತ್ರವನ್ನು ದೊಡ್ಡದು ಮಾಡಿ ಮನೆಯಲ್ಲಿ ಹಾಕೋಣ ಎಂದು ಮೂಲ ಚಿತ್ರ ಹುಡುಕಿದೆ. ಇರಲಿಲ್ಲ. ತಿದ್ದಿದ್ದನ್ನು ಅದೇ ಹೆಸರಿನಲ್ಲಿ ಉಳಿಸಿ ಮೂಲವನ್ನು ನಾನೇ ಅಳಿಸಿದ್ದೆ, ಕಾರ್ಡ್ ಕೂಡ ಫಾರ್ಮ್ಯಾಟ್ ಮಾಡಿದ್ದೆ. ಅಮ್ಮ ನೋಡಿದ ಆ ಸಂಜೆಯ ಆಕಾಶ ಈಗ ನನ್ನ ಬಳಿ ಇಲ್ಲ. ಇರುವುದು ಅವರು ಆ ದಿನ ನೋಡದ ಒಂದು ಮೋಡ.

ಹಾಗಾಗಿ ಮುಂದೆ ಹೇಳುವುದನ್ನೆಲ್ಲ ಅದೇ ಚಿತ್ರವನ್ನು ಇವತ್ತು ತೆಗೆಯುವುದಾದರೆ ಹೇಗೆ ತೆಗೆಯುತ್ತಿದ್ದೆ ಎಂದು ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಹೊತ್ತಿನ ಲೆಕ್ಕ

ಸಂಜೆಗೆ ನಮ್ಮ ಭಾಷೆಯಲ್ಲಿ ಒಂದೇ ಹೆಸರಲ್ಲ. ಇಳಿಹೊತ್ತು, ಹೊತ್ತು ಕಂತುವುದು, ಮುಸ್ಸಂಜೆ, ಮಬ್ಬುಗತ್ತಲು. ಚಿತ್ರ ತೆಗೆಯುವವರಿಗೆ ಇವು ನಾಲ್ಕೂ ಬೇರೆ ಬೇರೆ ಬೆಳಕು.

ಇಳಿಹೊತ್ತಿನಲ್ಲಿ ಬೆಳಕು ಪಕ್ಕದಿಂದ ಬೀಳುತ್ತದೆ, ಬಂಗಾರದ ಬಣ್ಣ. ಮುಖಗಳು, ದೋಣಿಗಳು, ಮರಳಿನ ಅಲೆಗಳು ಚೆನ್ನಾಗಿ ಕಾಣುವುದು ಆಗ. ಹೊತ್ತು ಕಂತುವಾಗ ಸೂರ್ಯನೇ ಚಿತ್ರದ ನಡುವಣ ಸಂಗತಿ, ಎದುರಿಗಿರುವುದೆಲ್ಲ ಕಪ್ಪು ಆಕೃತಿ. ಮುಸ್ಸಂಜೆಯಲ್ಲಿ ಸೂರ್ಯ ಇಲ್ಲ, ಆದರೆ ಎತ್ತರದ ಮೋಡಗಳಿಗೆ ಕೆಳಗಿನಿಂದ ಬೆಳಕು ತಗುಲಿ ಕೆಂಪು ಹತ್ತುತ್ತದೆ. ಬಹಳ ಜನ ಸೂರ್ಯ ಮುಳುಗಿದ ಕೂಡಲೇ ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ, ಒಳ್ಳೆಯ ಬಣ್ಣ ಬರುವುದು ಅವರು ಕಾರು ಹತ್ತಿದ ಮೇಲೆ. ಇನ್ನೂ ಹದಿನೈದು ಇಪ್ಪತ್ತು ನಿಮಿಷ ಕಾಯಿರಿ. ಕಾಯುವಾಗ ಒಮ್ಮೆ ಹಿಂದಕ್ಕೆ ತಿರುಗಿ ಮೂಡಣವನ್ನೂ ನೋಡಿ. ದಿಗಂತದ ಮೇಲೆ ನೀಲಿ ಬೂದು ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ ಕಾಣುತ್ತದೆ. ಆ ನೀಲಿ ಪಟ್ಟಿ ಭೂಮಿಯ ನೆರಳು.

ಎಷ್ಟು ಹೊತ್ತು ಸಿಗುತ್ತದೆ ಎಂಬುದು ನೀವಿರುವ ಊರಿನ ಮೇಲೆ ಹೋಗುತ್ತದೆ. ಅಭಾ ಇರುವುದು ಹದಿನೆಂಟನೆಯ ಅಕ್ಷಾಂಶದಲ್ಲಿ, ಮರವಂತೆ ಹದಿಮೂರೂಮುಕ್ಕಾಲರ ಹತ್ತಿರ. ಇಲ್ಲೆಲ್ಲ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಅಂಚು ನೀರು ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ಎರಡು ನಿಮಿಷ ಚಿಲ್ಲರೆ ಸಾಕು. ಲಂಡನ್ನಿನಲ್ಲಿ ಅವನು ಓರೆಯಾಗಿ ಜಾರುವುದರಿಂದ ಕನಿಷ್ಠ ಮೂರೂವರೆ ನಿಮಿಷ ಬೇಕು, ಮುಸ್ಸಂಜೆಯೂ ಅಲ್ಲಿ ಉದ್ದ. ರಜೆಯಲ್ಲಿ ಊರಿಗೆ ಬಂದ ಇಂಗ್ಲೆಂಡಿನ ಮಕ್ಕಳು “ಇಷ್ಟು ಬೇಗ ಕತ್ತಲಾಯ್ತಾ!” ಅನ್ನುವುದು ಇದಕ್ಕೇ.

ಗಡಿಯಾರ ಇಲ್ಲದಿದ್ದರೂ ಅಂದಾಜು ಮಾಡಬಹುದು. ಕೈ ನೀಡಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಸೂರ್ಯನ ತನಕ ಒಂದು ಮುಷ್ಟಿ ಜಾಗ ಇದ್ದರೆ ನಮ್ಮ ಅಕ್ಷಾಂಶದಲ್ಲಿ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ ಉಳಿದಿದೆ ಎಂದು ಅರ್ಥ. ಸೌದಿಯಲ್ಲಿ ಇನ್ನೂ ಸುಲಭ. ಸೂರ್ಯಾಸ್ತವೇ ಮಗ್ರಿಬ್ ನಮಾಜಿನ ಹೊತ್ತು, ಆ ನಿಮಿಷ ಇಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಬೆಟ್ಟದ ತುದಿಯಿಂದ ತೆಗೆಯುವವರಿಗೆ ಒಂದು ಸೂಚನೆ: ಫೋನು ತೋರಿಸುವ ಸಮಯ ಸಾಮಾನ್ಯವಾಗಿ ಸಮುದ್ರಮಟ್ಟದ ಲೆಕ್ಕ. 3,000 ಮೀಟರ್ ಎತ್ತರದಲ್ಲಿ ದಿಗಂತ ಕೆಳಗಿರುವುದರಿಂದ, ಮಬ್ಬು ಇಲ್ಲದಿದ್ದರೆ, ಸೂರ್ಯ ಇನ್ನೂ ಆರೇಳು ನಿಮಿಷ ಕಾಣುತ್ತಾನೆ.

ಸೂರ್ಯ ಮುಳುಗುವ ಜಾಗವೂ ವರ್ಷವಿಡೀ ಒಂದೇ ಅಲ್ಲ. ಇಲ್ಲಿ ಜೂನ್ ಕೊನೆಗೂ ಡಿಸೆಂಬರ್ ಕೊನೆಗೂ ನಡುವೆ ಅದು ಸುಮಾರು ಐವತ್ತು ಡಿಗ್ರಿ ಸರಿಯುತ್ತದೆ, ಅಂದರೆ ಐದು ಮುಷ್ಟಿ. ಚಳಿಗಾಲದಲ್ಲಿ ತೆಂಕಣಕ್ಕೆ, ಬೇಸಿಗೆಯಲ್ಲಿ ಬಡಗಣಕ್ಕೆ. ಕಾಪುವಿನ ದೀಪಸ್ತಂಭದ ಬಲಕ್ಕೆ ಸೂರ್ಯ ಕಂತುವ ಚಿತ್ರ ನೋಡಿ ನೀವು ಹೋದ ತಿಂಗಳಲ್ಲಿ ಅವನು ಎಡಕ್ಕೆ ಕಂತಿದರೆ ಆಶ್ಚರ್ಯವಿಲ್ಲ.

ಬಣ್ಣ ಎಲ್ಲಿಂದ ಬರುತ್ತದೆ

ಸಂಜೆಯ ಬೆಳಕು ನಮ್ಮನ್ನು ಮುಟ್ಟುವ ಮೊದಲು ಗಾಳಿಯ ಬಹಳ ದಪ್ಪ ಪದರವನ್ನು ಓರೆಯಾಗಿ ದಾಟಬೇಕು. ದಾರಿಯಲ್ಲಿ ನೀಲಿ ಬೆಳಕು ಅತ್ತಿತ್ತ ಚೆದರಿಹೋಗುತ್ತದೆ, ಕೆಂಪು ಕಿತ್ತಳೆ ಉಳಿಯುತ್ತದೆ. ಗಾಳಿ ಶುಭ್ರವಾಗಿದ್ದು ಎತ್ತರದಲ್ಲಿ ಮೋಡವಿದ್ದರೆ ಬಣ್ಣ ಗಾಢ. ನಮ್ಮ ಕರಾವಳಿಯಲ್ಲಿ ಮಳೆ ಬಿಟ್ಟ ಅಕ್ಟೋಬರ್, ನವೆಂಬರ್ ಇದಕ್ಕೆ ಒಳ್ಳೆಯ ಕಾಲ. ಧೂಳಿನ ಕಣ ದೊಡ್ಡವು, ಅವು ಎಲ್ಲ ಬಣ್ಣವನ್ನೂ ಚೆದರಿಸುತ್ತವೆ, ಆಗ ಆಕಾಶ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ತಿಹಾಮಾದಲ್ಲಿ ನಾನು ನೋಡಿದ್ದು ಅದನ್ನೇ. ಅದೂ ಒಂದು ಬಣ್ಣವೇ ಎಂದು ನನಗೆ ಆಗ ಹೊಳೆಯಲಿಲ್ಲ. ಅಂಥ ದಿನ ಸೂರ್ಯನ ತಟ್ಟೆ ಮಂಕಾಗಿರುತ್ತದೆ, ಆದ್ದರಿಂದ ಅದರ ಅಂಚು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ಶುಭ್ರವಾದ ಸಂಜೆಯಲ್ಲಿ ಬರೀ ಬಿಳಿ ಮಚ್ಚೆ ಸಿಗುವ ಕಡೆ, ಧೂಳಿನ ಸಂಜೆಯಲ್ಲಿ ದುಂಡಗಿನ ತಾಮ್ರ ಸಿಗುತ್ತದೆ.

ಚೌಕಟ್ಟಿನೊಳಗೆ ಏನಿರಬೇಕು

ಮೊದಲನೆಯದು, ದಿಗಂತ. ಕಡಲಿನ ಚಿತ್ರದಲ್ಲಿ ದಿಗಂತ ಒಂದು ಡಿಗ್ರಿ ವಾಲಿದರೂ ಕಣ್ಣಿಗೆ ಚುಚ್ಚುತ್ತದೆ, ನೀರು ಒಂದು ಕಡೆ ಚೆಲ್ಲಿಹೋಗುವಂತೆ ಕಾಣುತ್ತದೆ. ಫೋನಿನ ಸೆಟ್ಟಿಂಗ್‌ನಲ್ಲಿ ಗ್ರಿಡ್ ಆನ್ ಮಾಡಿಕೊಳ್ಳಿ, ಅಡ್ಡಗೆರೆಗೆ ದಿಗಂತ ಹೊಂದಿಸಿ.

ಎರಡನೆಯದು, ದಿಗಂತ ಎಲ್ಲಿ ಬರಬೇಕು. ಚಿತ್ರವನ್ನು ಮೂರು ಪಾಲು ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದಕ್ಕಿಂತ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವತ್ತು ಹೇಳಲು ಏನಾದರೂ ಇರುವುದು ಮೇಲೋ ಕೆಳಗೋ? ಮೋಡ ಚೆನ್ನಾಗಿದ್ದರೆ ಎರಡು ಪಾಲು ಆಕಾಶ. ಆಕಾಶ ಖಾಲಿಯಾಗಿದ್ದು ಒದ್ದೆ ಮರಳು ಮಿನುಗುತ್ತಿದ್ದರೆ ಎರಡು ಪಾಲು ನೆಲ. ನೀರು ಕನ್ನಡಿಯಂತೆ ನಿಂತು ಮೇಲಿನದೇ ಕೆಳಗೂ ಕಂಡರೆ ನಡುಮಧ್ಯ ಇಟ್ಟರೂ ತಪ್ಪಿಲ್ಲ. ಅಮ್ಮನ ಚಿತ್ರದಲ್ಲಿ ನಾನು ಎರಡು ಪಾಲು ಆಕಾಶ ಬಿಟ್ಟಿದ್ದೆ, ಅಲ್ಲಿ ಏನೂ ಇರಲಿಲ್ಲ. ಆಕಾಶ ಸಪ್ಪೆಯಾಗಿತ್ತು ಎಂದು ದೂರಿದೆ. ನಿಜಕ್ಕೂ ತಪ್ಪಿದ್ದು ಚೌಕಟ್ಟು. ಫೋನನ್ನು ಮಂಡಿಯ ಮಟ್ಟಕ್ಕೆ ಇಳಿಸಿ ಒದ್ದೆ ಮರಳನ್ನು ಹೆಚ್ಚು ತುಂಬಿಸಿದ್ದರೆ ಆ ತಾಮ್ರದ ಬೆಳಕು ಅಮ್ಮನ ಕಾಲಿನ ತನಕ ಹರಿದು ಬರುತ್ತಿತ್ತು.

ಮೂರನೆಯದು, ಹತ್ತಿರದ ವಸ್ತು. ಬರೀ ನೀರು, ಬರೀ ಸೂರ್ಯ ಇದ್ದರೆ ಅದು ಯಾವ ಊರಿನ ಕಡಲಾದರೂ ಆಗಬಹುದು. ಮುಂಭಾಗದಲ್ಲಿ ಆ ಜಾಗದ್ದೇ ಏನಾದರೂ ಇರಲಿ. ಮಲ್ಪೆಯಾದರೆ ದೋಣಿ, ಸೇಂಟ್ ಮೇರೀಸ್ ದ್ವೀಪವಾದರೆ ಕಂಬಗಂಬದ ಕಲ್ಲು, ಮರವಂತೆಯಾದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಕೆಂಪು ಸಮುದ್ರದ ಈ ದಕ್ಷಿಣ ತೀರದಲ್ಲಿ ಅಲ್ಲಲ್ಲಿ ಕಾಂಡ್ಲಾ ಗಿಡಗಳಿವೆ, ಕುಂದಾಪುರದ ಹಿನ್ನೀರಿನಲ್ಲಿ ಕಾಣುವ ಜಾತಿಯವೇ. ನೀರಿನಿಂದ ಮೇಲೆದ್ದ ಅವುಗಳ ಉಸಿರುಬೇರುಗಳು ಸಂಜೆ ಬೆಳಕಿನಲ್ಲಿ ಸಾಲು ಸೂಜಿಗಳಂತೆ ಕಾಣುತ್ತವೆ.

ನಾಲ್ಕನೆಯದು, ಸೂರ್ಯನ ಗಾತ್ರ. “ಕಣ್ಣಿಗೆ ಅಷ್ಟು ದೊಡ್ಡದಿತ್ತು, ಫೋಟೋದಲ್ಲಿ ಸಾಸಿವೆ ಕಾಳಿನಷ್ಟಾಗಿದೆ” ಎಂದು ಎಲ್ಲರೂ ಹೇಳುತ್ತಾರೆ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಮಾತ್ರ. ಫೋನಿನ ಮಾಮೂಲು ಲೆನ್ಸ್ ಬಹಳ ಅಗಲ ನೋಡುತ್ತದೆ, ಅದರಲ್ಲಿ ಸೂರ್ಯ ಚಿತ್ರದ ಅಗಲದ ನೂರೈವತ್ತರಲ್ಲಿ ಒಂದು ಪಾಲು. 200 ಮಿಲಿಮೀಟರ್ ಲೆನ್ಸ್ ಹಾಕಿದರೆ ಇಪ್ಪತ್ತರಲ್ಲಿ ಒಂದು ಪಾಲು ಆಗುತ್ತದೆ. ಸೂರ್ಯ ದೊಡ್ಡದಾಗಿ ಬೇಕಿದ್ದರೆ ದೂರದ ಲೆನ್ಸ್ ಬೇಕು, ಮನುಷ್ಯರು ನಿಮ್ಮಿಂದ ನೂರಾರು ಅಡಿ ದೂರ ನಿಲ್ಲಬೇಕು. ಫೋನು ಮಾತ್ರ ಇದ್ದರೆ ಸೂರ್ಯನ ಗಾತ್ರದ ಆಸೆ ಬಿಟ್ಟು ಬೆಳಕಿನ ದಾರಿ, ಆಕೃತಿ, ಮರಳು ಇವುಗಳ ಮೇಲೆ ಚಿತ್ರ ಕಟ್ಟಿ. ಒಂದು ಎಚ್ಚರಿಕೆ: ಡಿಎಸ್‌ಎಲ್‌ಆರ್ ಕ್ಯಾಮೆರಾದ ಕಿಂಡಿಯಲ್ಲಿ ದೂರದ ಲೆನ್ಸ್ ಹಾಕಿಕೊಂಡು ನೇರ ಸೂರ್ಯನನ್ನು ನೋಡಬೇಡಿ. ಕಣ್ಣು ಸುಡುತ್ತದೆ. ಪರದೆಯಲ್ಲಿ ನೋಡಿ.

ಐದನೆಯದು, ಕಪ್ಪು ಆಕೃತಿಗಳು ಒಂದಕ್ಕೊಂದು ಅಂಟಬಾರದು. ಮನುಷ್ಯ ಮತ್ತು ದೋಣಿ ಒಂದರ ಮೇಲೊಂದು ಬಂದರೆ ಒಂದು ಕಪ್ಪು ಮುದ್ದೆ. ಎರಡು ಹೆಜ್ಜೆ ಬದಿಗೆ ಸರಿಯಿರಿ, ನಡುವೆ ಬೆಳಕಿನ ಸಂದು ಕಾಣಲಿ.

ಇನ್ನು, ಜನರ ವಿಷಯ. ಸೌದಿಯಲ್ಲಿ ಅಪರಿಚಿತರನ್ನು, ಅದರಲ್ಲೂ ಕುಟುಂಬಗಳನ್ನು ಕೇಳದೆ ತೆಗೆಯಬೇಡಿ. ಅದು ಮರ್ಯಾದೆಯ ಪ್ರಶ್ನೆಯೂ ಹೌದು, ಕಾನೂನಿನ ಪ್ರಶ್ನೆಯೂ ಹೌದು. ಕರಾವಳಿ ಕಾವಲಿನ ಠಾಣೆ, ನೀರು ಮತ್ತು ವಿದ್ಯುತ್ ಸ್ಥಾವರಗಳ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ. ಮಲ್ಪೆಯಲ್ಲೂ ಬಲೆ ಹೆಣೆಯುವವರ ಚಿತ್ರ ತೆಗೆಯುವ ಮೊದಲು ಎರಡು ಮಾತಾಡಿ. ಕನ್ನಡ ಬರುತ್ತದಲ್ಲ, ಅದು ಇಂಥಲ್ಲಿ ಕೆಲಸಕ್ಕೆ ಬರುತ್ತದೆ.

ಕ್ಯಾಮೆರಾಕ್ಕೆ ಹೇಳಬೇಕಾದ ಮಾತು

ಕಣ್ಣು ಬೆಳಗಿದ ಆಕಾಶವನ್ನೂ ಕತ್ತಲ ಮರಳನ್ನೂ ಒಟ್ಟಿಗೆ ನೋಡಬಲ್ಲದು. ಕ್ಯಾಮೆರಾಕ್ಕೆ ಅಷ್ಟು ಶಕ್ತಿ ಇಲ್ಲ. ಆಕಾಶ ಒಮ್ಮೆ ಪೂರ್ತಿ ಬಿಳಿಯಾದರೆ ಆಮೇಲೆ ಯಾವ ಸಾಫ್ಟ್‌ವೇರ್ ತಂದರೂ ಅಲ್ಲಿ ಇದ್ದದ್ದು ಮರಳಿ ಬರುವುದಿಲ್ಲ. ಕತ್ತಲಿನಲ್ಲಿ ಅಡಗಿದ್ದನ್ನು ಸ್ವಲ್ಪ ಮಟ್ಟಿಗೆ ಎತ್ತಬಹುದು. ಆದ್ದರಿಂದ ಆಕಾಶಕ್ಕೆ ಲೆಕ್ಕ ಇಡಿ. ಫೋನಿನಲ್ಲಿ ಸೂರ್ಯನ ಪಕ್ಕದ ಆಕಾಶದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ, ಬೆಳಕು ಲಾಕ್ ಆಗುತ್ತದೆ. ಆಮೇಲೆ ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಕ್ಯಾಮೆರಾ ಇದ್ದವರು ಐಎಸ್‌ಒ 100, ಎಫ್ 8ರಿಂದ 11ರ ನಡುವೆ ಇಟ್ಟು ಬೆಳಕನ್ನು ಒಂದು ಸ್ಟಾಪ್ ಕಡಿಮೆ ಮಾಡಿ ಶುರುಮಾಡಿ. ಹಿಸ್ಟೋಗ್ರಾಮ್ ಬಲಗೋಡೆಗೆ ಅಂಟದಂತೆ ನೋಡಿಕೊಳ್ಳಿ. ಸೂರ್ಯನ ತಟ್ಟೆಯೊಂದು ಬಿಳಿಯಾದರೆ ಚಿಂತೆಯಿಲ್ಲ.

ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ “ಇಷ್ಟೊಂದು ಕಿತ್ತಳೆ ಬಣ್ಣ ತಪ್ಪಿರಬೇಕು” ಎಂದುಕೊಂಡು ಅದನ್ನು ತೆಗೆದುಹಾಕಲು ನೋಡುತ್ತದೆ. ಡೇಲೈಟ್‌ಗೆ, ಅಂದರೆ ಸುಮಾರು 5,500 ಕೆಲ್ವಿನ್‌ಗೆ ಇಡಿ. ಸಾಧ್ಯವಿದ್ದರೆ ರಾ ಫೈಲ್‌ನಲ್ಲಿ ತೆಗೆಯಿರಿ. ಮಾಮೂಲು ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್‌ನ ರಾ ಫೈಲ್‌ನಲ್ಲಿ 16,384. ಸಂಜೆ ಆಕಾಶದ ಬಣ್ಣ ನಯವಾಗಿ ಮಾರ್ಪಡುತ್ತ ಹೋಗುತ್ತದೆ. ಮೆಟ್ಟಿಲು ಕಡಿಮೆಯಿದ್ದು ನೀವು ಜಗ್ಗಾಡಿದರೆ ಆಕಾಶದಲ್ಲಿ ಸೀರೆಯ ಅಂಚಿನಂತೆ ಪಟ್ಟಿಪಟ್ಟಿ ಬೀಳುತ್ತದೆ.

ಕಡಲಿನ ಇನ್ನೆರಡು ತೊಂದರೆ. ಅಭಾದ ತಂಪಿನಿಂದ ಏಸಿ ಕಾರಿನಲ್ಲಿ ಇಳಿದು ತಿಹಾಮಾದ ಬೆವರು ಗಾಳಿಗೆ ಕ್ಯಾಮೆರಾ ಹೊರತೆಗೆದರೆ ಲೆನ್ಸ್ ಮೇಲೆ ಕೂಡಲೇ ಹಬೆ ಕೂರುತ್ತದೆ. ಒರೆಸಿದಷ್ಟೂ ಬರುತ್ತದೆ. ಅರ್ಧ ಗಂಟೆ ಮುಂಚೆಯೇ ಚೀಲದಲ್ಲಿಟ್ಟು ಹೊರಗಿನ ಬಿಸಿಗೆ ಒಗ್ಗಿಸಿ. ಇನ್ನೊಂದು, ಉಪ್ಪು. ಕೆಂಪು ಸಮುದ್ರ ಬೇರೆ ಸಾಗರಗಳಿಗಿಂತ ಹೆಚ್ಚು ಉಪ್ಪು, ಲೀಟರಿಗೆ ಸುಮಾರು 40 ಗ್ರಾಂ. ಲೆನ್ಸ್ ಮೇಲೆ ಸಿಡಿದ ಹನಿ ಒಣಗಿದರೆ ಸೂರ್ಯನೆದುರು ಮಸುಕು ಬಳಿದಂತೆ ಕಾಣುತ್ತದೆ. ಮೆತ್ತನೆ ಬಟ್ಟೆ ಜೇಬಿನಲ್ಲಿರಲಿ. ನಮ್ಮೂರ ಕಡಲಿನಲ್ಲಿ ಉಬ್ಬರ ಇಳಿತದ ಲೆಕ್ಕವೂ ಬೇಕು. ಕಾರವಾರ, ಮಂಗಳೂರು ಕಡೆ ನೀರು ಒಂದೂವರೆ ಎರಡು ಮೀಟರ್ ಏರಿಳಿಯುತ್ತದೆ. ಬಂಡೆಯ ಮೇಲೆ ನಿಂತು ಕ್ಯಾಮೆರಾ ನೋಡುತ್ತ ಮೈಮರೆತವರಿಗೆ ಹಿಂದಿನ ದಾರಿ ಮುಚ್ಚಿಹೋಗಬಹುದು. ಮಳೆಗಾಲದಲ್ಲಂತೂ ಬಂಡೆಯ ಹತ್ತಿರವೇ ಹೋಗಬೇಡಿ.

ತಿದ್ದುವುದು

ತಿದ್ದುವ ಮೊದಲು ಮೂಲ ಚಿತ್ರದ ನಕಲು ಎರಡು ಕಡೆ ಇಡಿ. ಅದನ್ನು ಮುಟ್ಟಬೇಡಿ. ಲೈಟ್‌ರೂಮ್, ಸ್ನಾಪ್‌ಸೀಡ್, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್, ಯಾವುದಾದರೂ ಸರಿ. ಉಳಿಸುವಾಗ ಬೇರೆ ಹೆಸರು ಕೊಡಿ. ನನ್ನ ಕಥೆ ಕೇಳಿದಿರಲ್ಲ.

ನಾನು ಅನುಸರಿಸುವ ಕ್ರಮ ಹೀಗೆ. ಮೊದಲು ದಿಗಂತ ನೆಟ್ಟಗೆ ಮಾಡುವುದು, ಬೇಡದ ಅಂಚು ಕತ್ತರಿಸುವುದು. ಎರಡನೆಯದು ವೈಟ್ ಬ್ಯಾಲೆನ್ಸ್: ಆ ಹೊತ್ತಿನ ಬೆಚ್ಚನೆಯ ಬಣ್ಣ ಎಷ್ಟಿತ್ತು ಎಂದು ನೆನಪು ಮಾಡಿಕೊಂಡು ಅಷ್ಟಕ್ಕೆ ತರುವುದು. ಮೂರನೆಯದು ಬೆಳಕು: ಹೈಲೈಟ್ ಇಳಿಸಿ, ಶ್ಯಾಡೋ ಸ್ವಲ್ಪ ಎತ್ತಿ. ಪೂರ್ತಿ ಎತ್ತಬೇಡಿ. ಸೂರ್ಯನಿಗೆ ಬೆನ್ನು ಕೊಡದೆ ನಿಂತವರ ಬೆನ್ನು ಕಪ್ಪಾಗಿರುವುದೇ ಸಹಜ, ಅದು ಹಗಲಿನಂತೆ ಬೆಳಗಿದರೆ ಸುಳ್ಳಾಗಿ ಕಾಣುತ್ತದೆ. ನಾಲ್ಕನೆಯದು ಆಕಾಶಕ್ಕೆ ಮಾತ್ರ ತಗುಲುವಂತೆ ಮೇಲಿನಿಂದ ಇಳಿಯುವ ಮಾಸ್ಕ್ ಹಾಕಿ ತುಸು ಗಾಢ ಮಾಡುವುದು. ಇಲ್ಲಿ ಒಂದು ನಿಯಮ ನೆನಪಿರಲಿ: ನೀರಿನಲ್ಲಿ ಕಾಣುವ ಪ್ರತಿಬಿಂಬ ಆಕಾಶಕ್ಕಿಂತ ಸ್ವಲ್ಪ ಮಂಕಾಗಿರಬೇಕು. ಆಕಾಶವನ್ನು ಕಪ್ಪಾಗಿಸಿ ನೀರನ್ನು ಬೆಳ್ಳಗೆ ಬಿಟ್ಟರೆ, ಯಾಕೆ ಎಂದು ಹೇಳಲಾಗದಿದ್ದರೂ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಐದನೆಯದು ಬಣ್ಣ. ಸ್ಯಾಚುರೇಶನ್ ಎಂಬ ಗುಂಡಿ ಅಡುಗೆಯಲ್ಲಿ ಉಪ್ಪಿದ್ದ ಹಾಗೆ. ಕೆಂಪು ಮೊದಲೇ ಗಾಢವಾಗಿರುವಾಗ ಅದನ್ನು ಇನ್ನೂ ಏರಿಸಿದರೆ ಸೂರ್ಯನ ಸುತ್ತ ಬಣ್ಣ ಗಟ್ಟಿಯಾಗಿ ಮುದ್ದೆಯಾಗುತ್ತದೆ, ಮೋಡದ ಎಳೆ ಮಾಯವಾಗುತ್ತದೆ. ವೈಬ್ರನ್ಸ್ ಗುಂಡಿ ಮಂಕಾದ ಬಣ್ಣಗಳನ್ನು ಮಾತ್ರ ಹೆಚ್ಚು ಎತ್ತುತ್ತದೆ, ಅದನ್ನು ಬಳಸಿ. ಆರನೆಯದು ಶುಚಿ: ಸೆನ್ಸರ್ ಮೇಲಿನ ಧೂಳಿನ ಚುಕ್ಕಿ ಅಳಿಸಿ, ದಿಗಂತದ ಗುಂಟ ಬಿಳಿ ಗೆರೆ ಮೂಡಿದೆಯೇ ನೋಡಿ. ಮೂಡಿದ್ದರೆ ನೀವು ಅತಿಯಾಗಿ ತಿದ್ದಿದ್ದೀರಿ ಎಂದು ಅರ್ಥ.

ಆಮೇಲೆ ಮುಚ್ಚಿಟ್ಟು ಮಲಗಿ. ರಾತ್ರಿ ಚೆಂದ ಕಂಡದ್ದು ಬೆಳಗ್ಗೆ ಹೆಚ್ಚಾಗಿ ಕಣ್ಣಿಗೆ ಹೊಡೆಯುತ್ತದೆ. ಫೋನಿನ ರಾತ್ರಿ ಮೋಡ್ ಆನ್ ಇದ್ದರೆ ಆಫ್ ಮಾಡಿ ನೋಡಿ, ಅದು ಪರದೆಯನ್ನೇ ಹಳದಿ ಮಾಡಿರುತ್ತದೆ. ಊರಿಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಆಕಾಶ ಬದಲಿಸಬಹುದೇ?

ಈಗ ಕಷ್ಟದ ಪ್ರಶ್ನೆ. ನಾನು 2014ರಲ್ಲಿ ಎರಡು ರಾತ್ರಿ ಕೂತು ಮಾಡಿದ ಕೆಲಸಕ್ಕೆ 2020ರಲ್ಲಿ ಫೋಟೋಶಾಪ್‌ನಲ್ಲಿ ಒಂದು ಗುಂಡಿಯೇ ಬಂತು. ಈಗ ಫೋನು ಕೂಡ ಕೇಳುತ್ತದೆ, ಬೇರೆ ಆಕಾಶ ಬೇಕೇ ಅಂತ.

ಇದು ಕಂಪ್ಯೂಟರ್ ತಂದ ಪಾಪವಲ್ಲ. 1850ರ ದಶಕದಲ್ಲಿ ಗುಸ್ತಾವ್ ಲ ಗ್ರೇ ಎಂಬ ಫ್ರೆಂಚ್ ಛಾಯಾಗ್ರಾಹಕ ಕಡಲಿನ ಚಿತ್ರಗಳಿಂದ ಹೆಸರಾಗಿದ್ದ. ಆಗಿನ ಗಾಜಿನ ಫಲಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಕಡಲಿಗೆ ಸರಿಯಾದಷ್ಟು ಬೆಳಕು ಕೊಟ್ಟರೆ ಆಕಾಶ ಬರೀ ಬಿಳಿ. ಆತ ಕಡಲಿಗೊಂದು, ಆಕಾಶಕ್ಕೊಂದು ಫಲಕ ಬೇರೆಬೇರೆಯಾಗಿ ತೆಗೆದು ಮುದ್ರಿಸುವಾಗ ದಿಗಂತದಲ್ಲಿ ಜೋಡಿಸುತ್ತಿದ್ದ. ಒಂದೇ ಮೋಡವನ್ನು ಬೇರೆಬೇರೆ ಕಡಲುಗಳ ಮೇಲೆ ಬಳಸಿದ್ದೂ ಉಂಟು. ನಾನು ಮಾಡಿದ್ದೂ ಅದನ್ನೇ ಅಂದುಕೊಂಡು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಅವನ ಉಪಕರಣಕ್ಕೆ ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಇರಲಿಲ್ಲ. ನನ್ನ ಕ್ಯಾಮೆರಾ ಆ ಆಕಾಶವನ್ನು ಸರಿಯಾಗಿಯೇ ಹಿಡಿದಿತ್ತು, ನನಗೆ ಅದು ಸಾಲಲಿಲ್ಲ ಅಷ್ಟೆ.

ಇನ್ನೊಂದು ಉದಾಹರಣೆ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಅಡ್ಡ ಚಿತ್ರವೊಂದನ್ನು ಉದ್ದನೆಯ ಮುಖಪುಟಕ್ಕೆ ಹೊಂದಿಸಲು ಕಂಪ್ಯೂಟರಿನಲ್ಲಿ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿತು. ದೊಡ್ಡ ಟೀಕೆ ಬಂತು. ಒಂದು ಚಿತ್ರಕಾರನ ಕ್ಯಾನ್ವಾಸಿನಲ್ಲಿ ಹಾಗೆ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪತ್ರಿಕೆ “ಇದು ಹೀಗಿದೆ” ಎಂದು ತೋರಿಸುವಾಗ ಮಾಡಿದ್ದರಿಂದ ಕೇಳಿದರು.

ಹಾಗಾಗಿ ನಾನು ಈಗ ಹೀಗೆ ಭಾಗ ಮಾಡಿಕೊಂಡಿದ್ದೇನೆ. ಕಣ್ಣು ಕಂಡು ಕ್ಯಾಮೆರಾ ಕಾಣದ್ದನ್ನು ಹೊರತರುವುದು, ಅಂದರೆ ಬೆಳಕು, ನೆರಳು, ಬಣ್ಣದ ಹದ, ಇದಕ್ಕೆ ಯಾರ ಅಪ್ಪಣೆಯೂ ಬೇಡ. ಲೆನ್ಸಿನ ಮೇಲಿನ ಧೂಳು ಅಳಿಸುವುದೂ ಹಾಗೆಯೇ. ಅಲ್ಲಿ ಇಲ್ಲದಿದ್ದ ಮೋಡ, ಹಕ್ಕಿ, ದೋಣಿ ತಂದು ಇಡುವುದು ಬೇರೆ ಜಾತಿಯ ಕೆಲಸ. ಪೋಸ್ಟರಿಗೆ, ಆಲ್ಬಮ್ ಮುಖಪುಟಕ್ಕೆ ಮಾಡಿ, ಬೇಡ ಅನ್ನುವುದಿಲ್ಲ, ಆದರೆ ಹಾಗೆ ಮಾಡಿದ್ದೇನೆ ಎಂದು ಹೇಳಿಬಿಡಿ. ಮನೆಯವರ ಚಿತ್ರಗಳಲ್ಲಿ ಮಾಡಬೇಡಿ. ಆ ದಿನ ಹೇಗಿತ್ತು ಎಂದು ಮುಂದೆ ಯಾರಾದರೂ ಕೇಳಿದರೆ ಆ ಚಿತ್ರವೊಂದೇ ಉತ್ತರ ಹೇಳಬೇಕಾಗಬಹುದು.

ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಸೂರ್ಯನ ನೇರ ಕೆಳಗೇ ನೀರಿನ ಮೇಲಿನ ಬೆಳಕಿನ ದಾರಿ ಇರಬೇಕು. ಆಕಾಶ ಬದಲಾದಾಗ ಅದು ಒಂದು ಕಡೆ, ಸೂರ್ಯ ಇನ್ನೊಂದು ಕಡೆ ಉಳಿಯುತ್ತದೆ. ನೆರಳಿನ ದಿಕ್ಕು ತಪ್ಪುತ್ತದೆ. ಇದು ಯಾವುದೂ ತಿಳಿಯದಿದ್ದರೂ ಮೋಡ ನೋಡಿ ತಿಂಗಳು ಹೇಳುವವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ.

ಕೊನೆಗೊಂದು ಕೆಲಸ ಕೊಡುತ್ತೇನೆ. ಈ ವಾರ ನೀವಿರುವ ಊರಿನಲ್ಲೇ ಒಂದು ಸಂಜೆ ಚಿತ್ರ ತೆಗೆಯಿರಿ. ಕಡಲೇ ಆಗಬೇಕಿಲ್ಲ, ಕೆರೆ, ಹೊಳೆ, ಮಳೆನೀರು ನಿಂತ ಪಾರ್ಕಿಂಗ್ ಜಾಗವಾದರೂ ಸರಿ. ಮೂಲವನ್ನೂ ತಿದ್ದಿದ್ದನ್ನೂ ಎರಡನ್ನೂ ಊರಿನಲ್ಲಿರುವ ಅಜ್ಜನಿಗೋ ಅಜ್ಜಿಗೋ ಕಳಿಸಿ, ಯಾವುದು ಸಂಜೆಯ ಹಾಗಿದೆ ಎಂದು ಕೇಳಿ. ಅವರು ಆಕಾಶದ ಬಗ್ಗೆ ಹೇಳುವ ಪದಗಳನ್ನು ಬರೆದಿಟ್ಟುಕೊಳ್ಳಿ.

ನಾನು ಅಪ್ಪಯ್ಯನಿಗೆ ಹೋದ ವರ್ಷ ನಿಜ ಹೇಳಿದೆ, ಆ ಮೋಡ ಮರವಂತೆಯದ್ದು ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದ್ಕೇ ಗುರ್ತ ಸಿಕ್ಕಿತ್ ಕಾಣ್” ಅಂದರು. ಆಮೇಲೆ, ಅಮ್ಮ ಆ ದಿನ ನೋಡಿದ ಆಕಾಶ ಹೇಗಿತ್ತು ಎಂದು ಕೇಳಿದರು. ತಾಮ್ರದ ತಟ್ಟೆಯ ಹಾಗಿತ್ತು ಎಂದು ಬಾಯಿಮಾತಿನಲ್ಲಿ ಹೇಳಿದೆ. ಬೇರೆ ದಾರಿ ಇರಲಿಲ್ಲ.